ಬರ ಬಿದ್ದದ್ದು ಹೊಲಕ್ಕೆ, ಹಿಡಿದದ್ದು ಮಿಲ್ಲಿನ ತುಟ್ಟಿಭತ್ಯೆ: ಹೇಗೆ?

ಪ್ರಶ್ನೆ: ನಮ್ಮಜ್ಜ ದಾವಣಗೆರೆಯ ಹತ್ತಿಮಿಲ್ಲಿನಲ್ಲಿದ್ದರು. 1974ರಲ್ಲಿ ಇಂದಿರಾ ಗಾಂಧಿ ಸರ್ಕಾರ ತುಟ್ಟಿಭತ್ಯೆ ಹಿಡಿದುಕೊಂಡಿತು ಅನ್ನುತ್ತಿದ್ದರು. ಮಳೆ ಬಾರದ್ದಕ್ಕೂ ಮಿಲ್ಲಿನ ಸಂಬಳಕ್ಕೂ ಏನು ಸಂಬಂಧ? ಆ ದುಡ್ಡು ವಾಪಸ್ ಕೊಟ್ಟರೇ?

ಉತ್ತರ: ಹಿಡಿದದ್ದು ನಿಜ. ಕೈಗೆ ಬರುತ್ತಿದ್ದ ಹಳೇ ಸಂಬಳ ಮುಟ್ಟಲಿಲ್ಲ, ಹೊಸದಾಗಿ ಏರಿದ್ದರಲ್ಲಿ ಪಾಲು ತಡೆದರು. ವಾಪಸ್ ಕೊಡುವ ಷರತ್ತೂ ಕಾನೂನಿನಲ್ಲೇ ಇತ್ತು.

ಕಥೆ 1972ರ ಮುಂಗಾರಿನಿಂದ ಶುರು. ಆಗಿನ್ನೂ ರಾಜ್ಯಕ್ಕೆ ಮೈಸೂರು ಎಂದೇ ಹೆಸರು, ದಾವಣಗೆರೆ ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕು. ದೇಶದ ಬಹುಭಾಗದಲ್ಲಿ ಮಳೆ ಕೈಕೊಟ್ಟಿತು. 1970-71ರಲ್ಲಿ 10.8 ಕೋಟಿ ಟನ್ ಬೆಳೆದಿದ್ದ ಆಹಾರಧಾನ್ಯ 1972-73ಕ್ಕೆ 9.7 ಕೋಟಿ ಟನ್‌ಗೆ ಬಂತು. 1973ರ ಏಪ್ರಿಲ್‌ನಲ್ಲಿ ಸರ್ಕಾರ ಗೋಧಿಯ ಸಗಟು ವ್ಯಾಪಾರವನ್ನೇ ಕೈಗೆ ತೆಗೆದುಕೊಂಡಿತು. ಮಂಡಿಗೆ ಗೋಧಿ ಬರಲಿಲ್ಲ, ಮರುವರ್ಷ ಆ ಯೋಜನೆ ಬಿಟ್ಟರು. ಅಷ್ಟರಲ್ಲಿ ಕಚ್ಚಾತೈಲದ ಬೆಲೆ ಮೂರ್ನಾಲ್ಕು ಪಟ್ಟಾಗಿತ್ತು.

ಈಗ ಮಿಲ್ಲಿಗೆ ಬನ್ನಿ. ತುಟ್ಟಿಭತ್ಯೆ ನಿಂತಿರುವುದು ಕೈಗಾರಿಕಾ ಕಾರ್ಮಿಕರ ಬೆಲೆ ಸೂಚ್ಯಂಕದ ಮೇಲೆ. 1960ನ್ನು ನೂರೆಂದು ಹಿಡಿದ ಆಗಿನ ಲೆಕ್ಕದಲ್ಲಿ ಊಟದ ಖರ್ಚಿಗೇ ನೂರಕ್ಕೆ ಸುಮಾರು 60 ತೂಕವಿತ್ತು. ಅಂದರೆ ಜೋಳ, ಅಕ್ಕಿ, ಬೇಳೆ ತುಟ್ಟಿಯಾದರೆ ಸೂಚ್ಯಂಕ ಓಡುತ್ತದೆ, ಅದರ ಹಿಂದೆ ಭತ್ಯೆ. 1972-73ರಲ್ಲಿ ಸರಾಸರಿ 207 ಇದ್ದದ್ದು 1974-75ಕ್ಕೆ 317 ಆಯಿತು. ಹಗೇವು ಖಾಲಿ ಇರುವಾಗ ಜೇಬಿಗೆ ಹೆಚ್ಚು ನೋಟು ಬಂದರೆ ಅದೇ ಕಾಳಿಗೆ ಇನ್ನಷ್ಟು ಪೈಪೋಟಿ, ಬೆಲೆ ಇನ್ನಷ್ಟು ಮೇಲೆ ಎಂಬುದು ದೆಹಲಿಯ ವಾದ. ವಾದದಲ್ಲಿ ಹುರುಳಿತ್ತು. ಆದರೆ ಕಾರ್ಮಿಕನ ಲೆಕ್ಕದಲ್ಲಿ ಭತ್ಯೆ ಎಂಬುದು ಹೆಚ್ಚಳವೇ ಅಲ್ಲ, ಕಳಕೊಂಡದ್ದರ ಭರ್ತಿ. ಜಗಳವೆಲ್ಲ ಇದರ ಸುತ್ತಲೇ.

ಜಗಳ ಮೊದಲು ಸಿಡಿದದ್ದು ರೈಲ್ವೆಯಲ್ಲಿ. 1974ರ ಮೇ 8ರಿಂದ 27ರವರೆಗೆ ಜಾರ್ಜ್ ಫರ್ನಾಂಡಿಸ್ ನೇತೃತ್ವದಲ್ಲಿ ಮುಷ್ಕರ. ಬೋನಸ್ಸು, ರೈಲು ಓಡಿಸುವವರಿಗೆ ಎಂಟು ಗಂಟೆ ದುಡಿಮೆ, ತುಟ್ಟಿಭತ್ಯೆ ಬೇಡಿಕೆಗಳಾಗಿದ್ದವು. ಫರ್ನಾಂಡಿಸ್ ಅವರನ್ನು ಮೇ 2ರಂದೇ ಬಂಧಿಸಿದ್ದರು. ಭಾರತ ರಕ್ಷಣಾ ನಿಯಮ, ಮೀಸಾ (ವಿಚಾರಣೆಯಿಲ್ಲದೆ ಬಂಧನದಲ್ಲಿಡಬಹುದಾಗಿದ್ದ ಆಂತರಿಕ ಭದ್ರತಾ ಕಾಯ್ದೆ) ಎರಡನ್ನೂ ಬಳಸಿ ಸಾವಿರಾರು ಜನರನ್ನು ಒಳಗೆ ಹಾಕಿದರು. ಮಾತುಕತೆಗೆ ಕೂತಿದ್ದವರನ್ನೇ ಹಿಡಿದದ್ದು ನೋಡಿದರೆ ರಾಜಿಗಿಂತ ಪಾಠ ಕಲಿಸುವ ಮನಸ್ಸೇ ಮುಂದಿತ್ತು ಅನ್ನದೆ ವಿಧಿಯಿಲ್ಲ.

ಮುಷ್ಕರ ಮುರಿದ ಆರೇ ವಾರಕ್ಕೆ, ಜುಲೈನಲ್ಲಿ, ಸುಗ್ರೀವಾಜ್ಞೆ ಬಂತು. ಮುಂದೆ ಅದೇ ಹೆಚ್ಚುವರಿ ಉಪಲಬ್ಧಿಗಳ ಕಡ್ಡಾಯ ಠೇವಣಿ ಕಾಯ್ದೆಯಾಯಿತು. ವೇತನ ಪರಿಷ್ಕರಣೆಯಿಂದ ಬರುವ ಹೆಚ್ಚಳ ಒಂದು ವರ್ಷ ಪೂರ್ತಿ ಠೇವಣಿಗೆ. ಹೊಸದಾಗಿ ಏರುವ ತುಟ್ಟಿಭತ್ಯೆಯಲ್ಲಿ ಅರ್ಧ, ಎರಡು ವರ್ಷ. ಭತ್ಯೆ 100 ರೂಪಾಯಿಯಿಂದ 140ಕ್ಕೆ ಏರಿತು ಅನ್ನಿ: ಹಳೆಯ 100 ಪೂರ್ತಿ ಸಿಗುತ್ತದೆ, ಮೇಲಿನ 40ರಲ್ಲಿ 20 ಕೈಗೆ, 20 ಠೇವಣಿಗೆ. ಹಿಡಿದ 20 ಮಾಲೀಕನ ಗಲ್ಲಾದಲ್ಲಿ ಉಳಿಯುವಂತಿರಲಿಲ್ಲ, ಕಟ್ಟಲೇಬೇಕಿತ್ತು. ಅವಧಿ ಮುಗಿದ ಮೇಲೆ ಐದು ಸಮ ವಾರ್ಷಿಕ ಕಂತಿನಲ್ಲಿ ಬಡ್ಡಿ ಸೇರಿಸಿ ಮರಳಿಸಬೇಕು. ಬಡ್ಡಿಯೇನೋ ಬ್ಯಾಂಕಿಗಿಂತ ಹೆಚ್ಚು. ಆದರೆ ಜೋಳಕ್ಕೆ ದುಡ್ಡು ಬೇಕಿದ್ದದ್ದು ಆ ವರ್ಷ!

ಉಳ್ಳವರನ್ನು ಪೂರ್ತಿ ಬಿಟ್ಟರೆಂದೂ ಹೇಳಲಾಗದು. ಕಂಪನಿಗಳ ಲಾಭಾಂಶಕ್ಕೆ ಮಿತಿ ಬಂತು, ವರ್ಷಕ್ಕೆ 15,000 ರೂಪಾಯಿ ಮೀರಿ ಆದಾಯವಿದ್ದ ತೆರಿಗೆದಾರರಿಗೂ ಬೇರೊಂದು ಕಡ್ಡಾಯ ಠೇವಣಿ ಬಿತ್ತು. 1974ರ ಸೆಪ್ಟೆಂಬರ್ ನಂತರ ಬೆಲೆ ಇಳಿಮುಖವಾಯಿತು. ಬಡ್ಡಿದರ ಏರಿಸಿದ್ದೂ ಅದಕ್ಕೆ ಕಾರಣ, ಮುಂದೆ 1975ರ ಒಳ್ಳೆಯ ಮಳೆಯೂ ನೆರವಾಯಿತು. ಪುಣ್ಯವನ್ನೆಲ್ಲ ಠೇವಣಿಗೇ ಬರೆಯುವುದು ಸರಿಯಲ್ಲ. ತುರ್ತುಪರಿಸ್ಥಿತಿಯಲ್ಲಿ, 1975ರ ಸೆಪ್ಟೆಂಬರ್‌ನಲ್ಲಿ, ಕನಿಷ್ಠ ಬೋನಸ್ಸನ್ನೂ ಶೇ 8.33ರಿಂದ ಶೇ 4ಕ್ಕೆ ಇಳಿಸಿದರು. ಭತ್ಯೆಯ ಹಿಡಿತ ಇನ್ನೊಂದು ವರ್ಷ ಮುಂದುವರಿದು, ನಿಂತದ್ದು 1977ರಲ್ಲಿ, ಜನತಾ ಸರ್ಕಾರ ಬಂದ ಮೇಲೆ.

ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಹೊಲದ ಕೂಲಿಗೆ ಈ ಲೆಕ್ಕ ಯಾವುದೂ ಅನ್ವಯಿಸಲಿಲ್ಲ. ಅವರಿಗೆ ಹಿಡಿಯಲು ಭತ್ಯೆಯೇ ಇರಲಿಲ್ಲ. ಅವರ ಪಾಲಿಗೆ ಇದ್ದದ್ದು ಮಣ್ಣು ಅಗೆದಷ್ಟು ಅಳೆದು ಕೂಲಿ ಕೊಡುವ ಬರ ಕಾಮಗಾರಿ. ಇಂದಿರಾ ಗಾಂಧಿಯವರ 1975ರ ಇಪ್ಪತ್ತಂಶಗಳ ಕಾರ್ಯಕ್ರಮದಲ್ಲಿ ಜೀತ ರದ್ದತಿ, ಸಾಲ ವಸೂಲಿಗೆ ತಡೆ, ಕೃಷಿ ಕೂಲಿಗೆ ಕನಿಷ್ಠ ವೇತನ ಸೇರಿದವು. ಜೀತ ರದ್ದತಿ ಕಾಯ್ದೆ 1976ರಲ್ಲಿ ಬಂತು. ಅದೇ ವರ್ಷ ದೇವರಾಜ ಅರಸು ಸರ್ಕಾರ ಸಾಲ ಪರಿಹಾರ ಕಾಯ್ದೆ ತಂದಿತು.

ಅಜ್ಜನ ಹಳೇ ಸಂಬಳದ ಚೀಟಿ ಟ್ರಂಕಿನಲ್ಲಿ ಸಿಕ್ಕರೆ 1974ರ ಜುಲೈಯಿಂದ ಈಚಿನದನ್ನು ನೋಡಿ. ಪಿಎಫ್ ಕಡಿತ ಬೇರೆ, ಈ ಠೇವಣಿ ಬೇರೆ. ವಾರ್ಷಿಕ ಇನ್‌ಕ್ರಿಮೆಂಟಿಗೂ ಬಡ್ತಿಗೂ ಈ ಹಿಡಿತ ಇರಲಿಲ್ಲ. ಹಾಗಾಗಿ ಒಟ್ಟು ಏರಿಕೆಯ ಅರ್ಧ ಎಂದು ಲೆಕ್ಕ ಹಾಕಿದರೆ ತಾಳೆ ಬೀಳದು, ಭತ್ಯೆಯ ಏರಿಕೆಯನ್ನಷ್ಟೇ ಹಿಡಿಯಿರಿ.