ಪದ ಪರಿಚಯ: ವೀಸಾ ಸ್ಪಾನ್ಸರ್‌ಶಿಪ್

ಪರಿಚಯದ ಗಣಿತ ಟೀಚರ್ ಒಬ್ಬರು ವಾಟ್ಸಾಪ್‌ನಲ್ಲಿ ನನಗೊಂದು ಜಾಹೀರಾತು ಕಳಿಸಿದ್ದರು. ಇಂಗ್ಲೆಂಡಿನ ಹೈಸ್ಕೂಲಿಗೆ ಗಣಿತ ಶಿಕ್ಷಕರು ಬೇಕು, ವೀಸಾ ಸ್ಪಾನ್ಸರ್‌ಶಿಪ್ ಇದೆ ಅಂತ ಅದರಲ್ಲಿತ್ತು. ಕೆಳಗೆ ಅವರ ಪ್ರಶ್ನೆ: "ಸ್ಪಾನ್ಸರ್ ಅಂದ್ರೆ ಟಿಕೆಟ್ಟು, ಮನೆ ಬಾಡಿಗೆ ಎಲ್ಲ ಅವರೇ ನೋಡ್ಕೋತಾರೆ, ಅಲ್ವಾ?"

ಹಾಗೆ ಅಂದುಕೊಳ್ಳುವುದು ಸಹಜ. ಈ ಪದ ನಮಗೆ ಪರಿಚಯವಾಗಿದ್ದೇ ದುಡ್ಡಿನ ಜೊತೆ. ಗಣೇಶೋತ್ಸವದ ಆರ್ಕೆಸ್ಟ್ರಾಕ್ಕೆ ಜವಳಿ ಅಂಗಡಿಯವರು ಸ್ಪಾನ್ಸರ್, ಕಬಡ್ಡಿ ಹುಡುಗರ ಟೀ ಶರ್ಟಿಗೆ ಯಾರೋ ಒಬ್ಬ ಗುತ್ತಿಗೆದಾರ ಸ್ಪಾನ್ಸರ್. ಟಿವಿಯವರು ಅದನ್ನೇ 'ಪ್ರಾಯೋಜಕರು' ಅನ್ನುತ್ತಾರೆ. ವೀಸಾದ ಲೋಕದಲ್ಲಿ ಈ ಅರ್ಥ ಹೊಂದುವುದಿಲ್ಲ. ಅಲ್ಲಿ ಸ್ಪಾನ್ಸರ್ ಅಂದರೆ ಜಾಮೀನುದಾರ.

ಪದದ ಮೂಲದಲ್ಲೇ ಈ ಅರ್ಥ ಇದೆ. ಲ್ಯಾಟಿನ್‌ನಲ್ಲಿ 'ಸ್ಪೊಂಡೇರೆ' ಅಂದರೆ ಮಾತು ಕೊಡುವುದು. ಇನ್ನೊಬ್ಬರ ಪರವಾಗಿ ಮಾತು ಕೊಟ್ಟು ನಿಂತವನು ಸ್ಪಾನ್ಸರ್. ಭಟ್ಕಳ, ಮಂಗಳೂರು ಕಡೆ ಗಲ್ಫಿಗೆ ಹೋಗಿ ಬಂದವರ ಬಾಯಲ್ಲಿ 'ಕಫೀಲ್' ಅನ್ನುವ ಮಾತು ಕೇಳಿರುತ್ತೀರಿ. ಆ ಅರಬ್ಬಿ ಪದಕ್ಕೂ ಹೊಣೆ ಹೊತ್ತವನು ಅಂತಲೇ ಅರ್ಥ. ನಮ್ಮ 'ಜಾಮೀನು' ಕೂಡ ಅರಬ್ಬಿ ಮೂಲದ್ದೇ, ಪಾರಸಿಯ ದಾರಿಯಲ್ಲಿ ಕನ್ನಡಕ್ಕೆ ಬಂತು. ಸೊಸೈಟಿ ಸಾಲಕ್ಕೆ ಜಾಮೀನು ಹಾಕುವವರನ್ನು ನೆನೆಸಿಕೊಳ್ಳಿ. ದುಡ್ಡು ಕೊಡುವುದು ಸೊಸೈಟಿ. ಜಾಮೀನುದಾರ ಹೇಳುವುದು ಇಷ್ಟೇ: "ಇವರು ನನಗೆ ಗೊತ್ತು, ಹೆಚ್ಚುಕಡಿಮೆ ಆದರೆ ನನ್ನನ್ನು ಕೇಳಿ." ವಿದೇಶದ ಶಾಲೆ ತನ್ನ ಸರ್ಕಾರಕ್ಕೆ ಕೊಡುವ ಮಾತೂ ಇದೇ.

ಬ್ರಿಟನ್ನಿನಲ್ಲಿ ಇದು ಹೇಗೆ ನಡೆಯುತ್ತದೆ ನೋಡಿ. ಹೊರದೇಶದ ಶಿಕ್ಷಕರು ಕೆಲಸಕ್ಕೆ ಹೋಗುವ ಮುಖ್ಯ ದಾರಿ ಸ್ಕಿಲ್ಡ್ ವರ್ಕರ್ ವೀಸಾ. 2020ರ ಡಿಸೆಂಬರ್‌ನಲ್ಲಿ ಹಳೆಯ ಟಿಯರ್ 2 ವೀಸಾದ ಜಾಗಕ್ಕೆ ಬಂದದ್ದು ಇದು. ಶಾಲೆ ಮೊದಲು ಹೋಮ್ ಆಫೀಸಿನಿಂದ, ಅಂದರೆ ಅಲ್ಲಿನ ಗೃಹ ಇಲಾಖೆಯಿಂದ, ಸ್ಪಾನ್ಸರ್ ಲೈಸೆನ್ಸ್ ಪಡೆದಿರಬೇಕು. ಇಂಟರ್‌ವ್ಯೂನಲ್ಲಿ ನಿಮ್ಮ ಪಾಠ ಅವರಿಗೆ ಎಷ್ಟೇ ಹಿಡಿಸಲಿ, ಲೈಸೆನ್ಸ್ ಇಲ್ಲದಿದ್ದರೆ ಈ ವೀಸಾದಲ್ಲಿ ಕರೆಸಿಕೊಳ್ಳಲು ಆಗುವುದಿಲ್ಲ. ಲೈಸೆನ್ಸ್ ಇರುವ ಶಾಲೆ ನಿಮ್ಮ ಹೆಸರಿಗೆ 'ಸರ್ಟಿಫಿಕೇಟ್ ಆಫ್ ಸ್ಪಾನ್ಸರ್‌ಶಿಪ್' ಮಾಡಿಸುತ್ತದೆ. ಸರ್ಟಿಫಿಕೇಟ್ ಅಂದ ಕೂಡಲೇ ಮುದ್ರೆ ಒತ್ತಿದ ದಪ್ಪ ಕಾಗದ ಕಣ್ಣಿಗೆ ಬರುತ್ತದೆ. ನಿಜದಲ್ಲಿ ಅದು ಹೋಮ್ ಆಫೀಸಿನ ಕಂಪ್ಯೂಟರ್‌ನಲ್ಲಿ ಇರುವ ಒಂದು ದಾಖಲೆ. ನಿಮ್ಮ ವಿವರ, ಹುದ್ದೆಯ ಕೋಡ್, ಸಂಬಳ, ಕೆಲಸ ಶುರುವಾಗುವ ದಿನ ಅದರಲ್ಲಿರುತ್ತವೆ. ನಿಮಗೆ ಬೇಕಾಗಿರುವುದು ಅದರ ನಂಬರ್. ದಾಖಲೆ ಮಾಡಿದ 3 ತಿಂಗಳೊಳಗೆ ಆ ನಂಬರ್ ಹಾಕಿ ವೀಸಾ ಅರ್ಜಿ ಕಳಿಸಬೇಕು.

ಜಾಮೀನಿನ ಭಾರ ಗೊತ್ತಾಗುವುದು ಆಮೇಲೆ. ನೀವು ಹೇಳಿದ ದಿನಕ್ಕೆ ಕೆಲಸಕ್ಕೆ ಬರಲಿಲ್ಲ, ಅಥವಾ ನಡುವೆ ಬಿಟ್ಟು ಹೋದಿರಿ ಅಂದರೆ, ಶಾಲೆ ಅದನ್ನು 10 ಕೆಲಸದ ದಿನಗಳೊಳಗೆ ಹೋಮ್ ಆಫೀಸಿಗೆ ತಿಳಿಸಬೇಕು. ಲೆಕ್ಕ ಸರಿ ಇಡದ ಶಾಲೆ ಲೈಸೆನ್ಸನ್ನೇ ಕಳೆದುಕೊಳ್ಳಬಹುದು. ನಿಮ್ಮ ಕಡೆಯಿಂದಲೂ ಕಟ್ಟು ಬಿಗಿಯೇ. ವೀಸಾ ಆ ಶಾಲೆಯ ಆ ಹುದ್ದೆಗೆ ಅಂಟಿಕೊಂಡಿರುತ್ತದೆ. ಬೇರೆ ಶಾಲೆ ಸೇರಬೇಕಾದರೆ ಹೊಸ ಸರ್ಟಿಫಿಕೇಟ್, ಹೊಸ ಅರ್ಜಿ. ಕೆಲಸ ಹೋದರೆ ವೀಸಾವನ್ನು ಸಾಮಾನ್ಯವಾಗಿ 60 ದಿನಕ್ಕೆ ಮೊಟಕು ಮಾಡುತ್ತಾರೆ. ಆ ಎರಡು ತಿಂಗಳಲ್ಲಿ ಇನ್ನೊಂದು ಸ್ಪಾನ್ಸರ್ ಹುಡುಕಬೇಕು, ಇಲ್ಲವೇ ಹೊರಡಬೇಕು. ಮಕ್ಕಳನ್ನು ಅಲ್ಲಿನ ಶಾಲೆಗೆ ಸೇರಿಸಿ, ಮನೆಗೆ ಅಡ್ವಾನ್ಸ್ ಕೊಟ್ಟು ಕೂತವರಿಗೆ 60 ದಿನ ಏನೇನೂ ಸಾಲದು. ಹೊರಡುವ ಮೊದಲೇ ಇದನ್ನು ಮನೆಯವರ ಜೊತೆ ಕೂತು ಮಾತಾಡಿಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಹಾಗಾದರೆ ದುಡ್ಡು ಯಾರದು? ಲೈಸೆನ್ಸಿನ ಫೀಸು, ಸರ್ಟಿಫಿಕೇಟಿನ ಫೀಸು, ಹೊರದೇಶದವರನ್ನು ಕೆಲಸಕ್ಕೆ ಕರೆಸುವವರು ಸರ್ಕಾರಕ್ಕೆ ಕಟ್ಟುವ ಇಮಿಗ್ರೇಷನ್ ಸ್ಕಿಲ್ಸ್ ಚಾರ್ಜ್ ಮೂರೂ ಶಾಲೆಯ ತಲೆಗೆ. ಸರ್ಟಿಫಿಕೇಟಿನ ಫೀಸು 2025ರ ಏಪ್ರಿಲ್‌ನಿಂದ 525 ಪೌಂಡ್ ಆಯಿತು. 2024ರ ಡಿಸೆಂಬರ್ 31ರಿಂದ ಲೈಸೆನ್ಸ್ ಮತ್ತು ಸರ್ಟಿಫಿಕೇಟಿನ ಖರ್ಚನ್ನು ಸ್ಕಿಲ್ಡ್ ವರ್ಕರ್‌ಗಳಿಂದ ವಸೂಲಿ ಮಾಡುವ ಹಾಗಿಲ್ಲ. ಸ್ಕಿಲ್ಸ್ ಚಾರ್ಜಿಗಂತೂ ಮೊದಲಿನಿಂದಲೂ ಇದೇ ನಿಯಮ. ವೀಸಾ ಅರ್ಜಿಯ ಫೀಸು ಮತ್ತು ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಗೆ ಕಟ್ಟುವ ಸರ್ಚಾರ್ಜ್ ಮಾತ್ರ ಅರ್ಜಿ ಹಾಕುವವರ ಹೆಸರಲ್ಲಿ ಬರುತ್ತವೆ. ಸರ್ಚಾರ್ಜೇ 2024ರ ಫೆಬ್ರವರಿಯಿಂದ ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್. 3 ವರ್ಷದ ವೀಸಾ ಆದರೆ ಮೂರೂ ವರ್ಷದ್ದು ಮೊದಲೇ ಕಟ್ಟಬೇಕು. ಕೆಲವು ಶಾಲೆಗಳು ಇವನ್ನೂ ಭರಿಸುತ್ತವೆ. ಟಿಕೆಟ್ಟು, ಬಾಡಿಗೆ ಕೊಡುವುದೂ ಬಿಡುವುದೂ ಆಯಾ ಶಾಲೆಯ ಇಷ್ಟ. ಅದನ್ನು ಬರಹದಲ್ಲಿ ಕೇಳಿ ತಿಳಿದುಕೊಳ್ಳಬೇಕು.

ಇನ್ನೊಂದು ಪದ ಇದರ ಜೊತೆ ಸಿಕ್ಕಿಕೊಂಡು ಗೊಂದಲ ಮಾಡುತ್ತದೆ: ಕ್ಯೂಟಿಎಸ್, ಅಂದರೆ ಇಂಗ್ಲೆಂಡಿನಲ್ಲಿ ಅರ್ಹ ಶಿಕ್ಷಕರು ಅನ್ನುವ ಮಾನ್ಯತೆ. ಸ್ಪಾನ್ಸರ್‌ಶಿಪ್ ನಿಮಗೆ ದೇಶದ ಬಾಗಿಲು ತೆಗೆಯುತ್ತದೆ, ಕ್ಯೂಟಿಎಸ್ ನಿಮ್ಮ ಬಿ.ಎಡ್ ಮತ್ತು ಅನುಭವಕ್ಕೆ ಬೆಲೆ ಕೊಡುತ್ತದೆ. ಒಂದು ಸಿಕ್ಕಿತು ಅಂತ ಇನ್ನೊಂದು ತಾನಾಗಿ ಬರುವುದಿಲ್ಲ. 2023ರ ಫೆಬ್ರವರಿಯಲ್ಲಿ ಈ ಮಾನ್ಯತೆಯ ದಾರಿ ಭಾರತದ ಶಿಕ್ಷಕರಿಗೂ ತೆರೆಯಿತು. ಆಗ ಇಟ್ಟ ಷರತ್ತು, 11ರಿಂದ 16 ವರ್ಷದ ಮಕ್ಕಳಿಗೆ ಗಣಿತ, ವಿಜ್ಞಾನ ಅಥವಾ ಭಾಷೆ ಕಲಿಸುವ ಅರ್ಹತೆ ಇರಬೇಕು ಅಂತ. ಗಣಿತ, ಭೌತಶಾಸ್ತ್ರದವರಿಗೆ ಕರೆ ಜಾಸ್ತಿ ಬರುವುದು ಸುಮ್ನೆ ಅಲ್ಲ. ಅಲ್ಲಿ ಆ ವಿಷಯಗಳ ಶಿಕ್ಷಕರಿಗೆ ನಿಜಕ್ಕೂ ಬರ ಇದೆ.

ದೇಶ ಬದಲಾದರೆ ಜಾಮೀನುದಾರರೂ ಬದಲಾಗುತ್ತಾರೆ. ಅಮೆರಿಕದ ಜೆ-1 ಶಿಕ್ಷಕ ವೀಸಾದಲ್ಲಿ ಕೆಲಸ ಕೊಡುವ ಶಾಲೆಯೇ ಸ್ಪಾನ್ಸರ್ ಆಗಿರಬೇಕಾಗಿಲ್ಲ. ಅಲ್ಲಿನ ವಿದೇಶಾಂಗ ಇಲಾಖೆ ಒಪ್ಪಿದ ಸಂಸ್ಥೆ ಆ ಹೊಣೆ ಹೊರುತ್ತದೆ. ಮೊದಲು 3 ವರ್ಷ, ಮುಂದುವರಿಸಿದರೆ ಹೆಚ್ಚೆಂದರೆ ಇನ್ನೆರಡು. ಗಲ್ಫಿನಲ್ಲಿ ಕಫೀಲನ ಹಿಡಿತ ಬಹಳ ಬಿಗಿಯಾಗಿತ್ತು. ಕೆಲಸ ಬದಲಿಸಲು ಹಳೆಯ ಮಾಲೀಕರ ಒಪ್ಪಿಗೆ ಬೇಕು ಅನ್ನುವ ನಿಯಮವನ್ನು ಕತಾರ್ 2020ರಲ್ಲಿ ತೆಗೆಯಿತು.

ಈಗ ಆ ಜಾಹೀರಾತಿಗೆ ಬರೋಣ. ಟೀಚರ್ ಅರ್ಜಿ ಹಾಕಿದ ನಾಲ್ಕೇ ದಿನಕ್ಕೆ ಇಂಟರ್‌ವ್ಯೂ ಕೂಡ ಇಲ್ಲದೆ ಆಫರ್ ಲೆಟರ್ ಬಂತು. ಶಾಲೆಯ ಲಾಂಛನ, ಸಹಿ ಎಲ್ಲ ಇತ್ತು. ಕೊನೆಯ ಸಾಲಿನಲ್ಲಿ 'ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟಿನ ಖರ್ಚಿಗೆ' ದುಡ್ಡು ಕಳಿಸಿ ಅಂತ ಒಂದು ಬ್ಯಾಂಕ್ ಖಾತೆ. ಲೈಸೆನ್ಸ್ ಇರುವವರ ಪಟ್ಟಿ ಬ್ರಿಟಿಷ್ ಸರ್ಕಾರದ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು. ಹೆಸರು, ಊರು, ದರ್ಜೆ, ಯಾವ ವೀಸಾಕ್ಕೆ ಲೈಸೆನ್ಸ್ ಅನ್ನುವುದು ಸಾಲು ಸಾಲಾಗಿ ಇರುತ್ತದೆ. ಇಬ್ಬರೂ ಕೂತು ಹುಡುಕಿದೆವು. ಶಾಲೆಯ ಹೆಸರು ಸಿಗಲಿಲ್ಲ. ಅಲ್ಲಿ ಎಷ್ಟೋ ಶಾಲೆಗಳನ್ನು ಅಕಾಡೆಮಿ ಟ್ರಸ್ಟ್‌ಗಳು ನಡೆಸುತ್ತವೆ, ಲೈಸೆನ್ಸ್ ಟ್ರಸ್ಟ್ ಹೆಸರಲ್ಲಿ ಇರಬಹುದು. ಶಾಲೆಯ ವೆಬ್‌ಸೈಟಿನಲ್ಲಿ ಟ್ರಸ್ಟ್ ಹೆಸರು ನೋಡಿ ಮತ್ತೆ ಹುಡುಕಿದಾಗ ಸಿಕ್ಕಿತು. ಟೀಚರ್ ಮುಖ ಅರಳಿತು. ಆದರೆ ಪತ್ರ ಬಂದ ಇಮೇಲ್ ವಿಳಾಸಕ್ಕೂ ಶಾಲೆಯ ಇಮೇಲ್ ವಿಳಾಸಕ್ಕೂ ಒಂದು ಅಕ್ಷರದ ವ್ಯತ್ಯಾಸ ಇತ್ತು.

ಶಾಲೆಯ ವೆಬ್‌ಸೈಟಿನಲ್ಲಿದ್ದ ನಂಬರಿಗೆ ಟೀಚರೇ ಫೋನ್ ಮಾಡಿದರು. ಆಫೀಸಿನ ಹೆಂಗಸು ಸಮಾಧಾನದಿಂದ ಎಲ್ಲ ಕೇಳಿಸಿಕೊಂಡು, ಗಣಿತದ ಹುದ್ದೆ ಖಾಲಿಯೇ ಇಲ್ಲ ಅಂದರಂತೆ. ದುಡ್ಡು ಇನ್ನೂ ಕಳಿಸಿರಲಿಲ್ಲ, ಪುಣ್ಯ. ಟೀಚರ್ ಈಗ ಕ್ಯೂಟಿಎಸ್ ಅರ್ಜಿಗೆ ಅಂಕಪಟ್ಟಿ ಜೋಡಿಸುತ್ತಿದ್ದಾರೆ.