ಟವೆಲ್ ಎತ್ತಿದ್ದಕ್ಕೆ ಟೊಂಕ ಹಿಡಿಯುತ್ತಾ?

“ಸರ, ನಾ ಏನೂ ಮಾಡಿಲ್ರಿ. ಕೆಳಗ ಬಿದ್ದ ಟವೆಲ್ ತಗೊಳಾಕ ಬಗ್ಗೀನಿ ಅಷ್ಟೇ, ಟೊಂಕ ಹಿಡಕೊಂಡ್‌ಬಿಡ್ತು.”

ಕಲಬುರಗಿಯಲ್ಲಿ ಫಿಸಿಯೋಥೆರಪಿ ಮಾಡಿಕೊಂಡಿರುವ ನನಗೆ ಈ ಮಾತು ಹೊಸದಲ್ಲ. ಟವೆಲ್ ಜಾಗದಲ್ಲಿ ಒಮ್ಮೆ ಚಪ್ಪಲಿ ಇರುತ್ತದೆ, ಒಮ್ಮೆ ಮೊಬೈಲ್ ಚಾರ್ಜರ್. ಒಬ್ಬರಿಗಂತೂ ಬರೀ ಸೀನು ಬಂದಿತ್ತು. ಒಂದು ಟವೆಲ್ ಎಷ್ಟು ತೂಗೀತು ಹೇಳಿ? ಅದಕ್ಕೇ ನಾನು ಟವೆಲ್ ವಿಚಾರ ಬಿಟ್ಟು, ಹಿಂದಿನ ಮೂರು ವಾರ ಏನೇನು ಮಾಡಿದಿರಿ ಅಂತ ಕೇಳುತ್ತೇನೆ. ಮೊದಲು “ಏನಿಲ್ರಿ, ದಿನಾ ಮಾಡೋದೇ” ಅನ್ನುತ್ತಾರೆ. ಸ್ವಲ್ಪ ಹೊತ್ತು ಸುಮ್ನೆ ಕೂತರೆ ಒಂದೊಂದೇ ಹೊರಗೆ ಬರುತ್ತದೆ. ಊರಲ್ಲಿ ತೊಗರಿ ರಾಶಿ ಇತ್ತು, ವರ್ಷವಿಡೀ ಗಲ್ಲಾ ಮೇಲೆ ಕೂರುವವರು ನಾಲ್ಕು ದಿನ ಚೀಲ ಹೊತ್ತಿದ್ದಾರೆ, ರಾತ್ರಿ ಕಣದಲ್ಲೇ ಮಲಗಿದ್ದಾರೆ ಅಂದರೆ ನಿದ್ದೆ ಮಾಡಿಲ್ಲ ಅಂತಲೇ ಲೆಕ್ಕ, ನಡುವೆ ಆಳಂದಕ್ಕೆ ಬೈಕಿನಲ್ಲಿ ಎರಡು ಸಲ ಹೋಗಿ ಬಂದಿದ್ದಾರೆ, ಮೇಲಿಂದ ರೇಟಿನ ಚಿಂತೆ ಬೇರೆ. ಕೊಡ ಅಷ್ಟೊತ್ತಿಗೇ ತುಂಬಿತ್ತು. ಟವೆಲ್ ಕೊನೆಯ ತಂಬಿಗೆ.

ಆದರೆ ಬರುವವರ ಕೈಯಲ್ಲಿ ಆಗಲೇ ಎಂಆರ್‌ಐ ಫೈಲು ಇರುತ್ತದೆ, ಬಾಯಲ್ಲಿ ಒಂದೇ ಮಾತು: “ಮಣಕದಾಗ ಗ್ಯಾಪ್ ಬಂದದಂತ್ರಿ.” ಈ ಗ್ಯಾಪ್ ಅನ್ನುವ ಪದ ನಮ್ಮ ಕಡೆ ಮಾಡಿದಷ್ಟು ಹಾನಿ ಯಾವ ಗ್ಯಾಪೂ ಮಾಡಿಲ್ಲ. ಮಣಕ ಅಂದರೆ ಬೆನ್ನೆಲುಬಿನ ಒಂದೊಂದು ಎಲುಬು; ಎರಡು ಮಣಕದ ನಡುವೆ ಮೆತ್ತೆಯಂಥ ಡಿಸ್ಕ್ ಇರುತ್ತದೆ, ವಯಸ್ಸಾದಂತೆ ಅದು ಸವೆಯುತ್ತದೆ, ಚಪ್ಪಟೆಯಾಗುತ್ತದೆ, ಒಂಚೂರು ಹೊರಗೆ ಉಬ್ಬುತ್ತದೆ. ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ನೋಡಿದ ಅಧ್ಯಯನಗಳನ್ನೆಲ್ಲ 2015ರಲ್ಲಿ ಒಟ್ಟುಗೂಡಿಸಿ ಲೆಕ್ಕ ಹಾಕಿದರು. ಒಟ್ಟು 3,110 ಜನ. ಅದರ ಪ್ರಕಾರ 20 ವರ್ಷದವರಲ್ಲೇ ಶೇಕಡಾ 37 ಜನರಿಗೆ ಡಿಸ್ಕ್ ಸವೆತ ಇರುತ್ತದೆ, 80 ವರ್ಷದವರಲ್ಲಿ ಶೇಕಡಾ 96 ಜನರಿಗೆ. ಡಿಸ್ಕ್ ಉಬ್ಬಿರುವುದು 20ರಲ್ಲಿ ಶೇಕಡಾ 30, 80ರಲ್ಲಿ ಶೇಕಡಾ 84. ನೆನಪಿರಲಿ, ಇವರಲ್ಲಿ ಯಾರಿಗೂ ಬೆನ್ನು ನೋವಿರಲಿಲ್ಲ. ನಮ್ಮ ಮನೆಗಳ ಹೊಸ್ತಿಲ ಮುಂದಿನ ಶಹಾಬಾದ್ ಕಲ್ಲು ನೋಡಿ, ಕಾಲು ಬಿದ್ದು ಬಿದ್ದು ನಡುವೆ ತಗ್ಗಾಗಿರುತ್ತದೆ. ಸವೆದಿದೆ ಅಂತ ಯಾರಾದರೂ ಅದರ ಮೇಲೆ ಕಾಲಿಡುವುದು ಬಿಡುತ್ತಾರಾ?

ಸ್ಕ್ಯಾನ್ ಬೇಡವೇ ಬೇಡ ಅಂತಲ್ಲ. ಅದು ಯಾವಾಗ ಬೇಕು ಅಂತ ಕೊನೆಗೆ ಹೇಳುತ್ತೇನೆ. ಆದರೆ ಬೆನ್ನು ನೋವಿನ ಹತ್ತು ಜನರಲ್ಲಿ ಸುಮಾರು ಒಂಬತ್ತು ಜನರಿಗೆ ಇಂಥದ್ದೇ ಜಾಗ, ಇಂಥದ್ದೇ ಕಾರಣ ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಹಾಗಂತ ಆ ನೋವು ಸುಳ್ಳಲ್ಲ. ಅದರ ಬೇರು ಫೋಟೋದಲ್ಲಿ ಬೀಳುವುದಿಲ್ಲ, ಆ ಮನುಷ್ಯ ಹೇಗೆ ಏಳುತ್ತಾನೆ, ಕೂರುತ್ತಾನೆ, ಎಷ್ಟು ಮಲಗುತ್ತಾನೆ ಅನ್ನುವುದರಲ್ಲಿ ಹರಡಿಕೊಂಡಿರುತ್ತದೆ.

ಇಲ್ಲಿ ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ಕೆಲಸ ಶುರು ಮಾಡಿದ ಹೊಸತರಲ್ಲಿ ನಾನೂ ಎಲ್ಲರಿಗೂ “ಬಗ್ಗಬೇಡಿ, ಭಾರ ಎತ್ತಬೇಡಿ, ನೆಲದ ಮೇಲೆ ಕೂರಬೇಡಿ” ಅಂತ ಹೇಳಿ ಕಳಿಸುತ್ತಿದ್ದೆ. ಹೇಳುವುದು ಸುಲಭ, ಎರಡು ನಿಮಿಷದ ಕೆಲಸ. ಚಿಂಚೋಳಿ ಕಡೆಯ ಒಬ್ಬ ರೈತರು ಹಾಗೆ ಕೇಳಿಸಿಕೊಂಡು ಹೋದವರು, ಮೂರು ವರ್ಷ ಆದಮೇಲೆ ಬಂದರು. ನೋವು ಎಂದೋ ಕಡಿಮೆಯಾಗಿತ್ತು, ಆದರೆ ಮನುಷ್ಯ ಕಂಬದ ಹಾಗೆ ಆಗಿಬಿಟ್ಟಿದ್ದರು. ಬಾಗಿಲಲ್ಲಿ ಅವರ ಹೆಂಡತಿ ಬಗ್ಗಿ ಅವರ ಚಪ್ಪಲಿ ಬಿಚ್ಚಿದರು. “ನೀವೇ ಹೇಳಿದ್ರಲ್ರಿ ಬಗ್ಗಬ್ಯಾಡ ಅಂತ.” ಆವತ್ತು ನನಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಹೊಲ ಮನೆ ಮಾಡುವವರಿಗೆ ಬಗ್ಗಬೇಡ ಅಂದರೆ ಬದುಕಬೇಡ ಅಂದ ಹಾಗಾಯಿತಲ್ವಾ?

ಬಗ್ಗಲೇಬೇಕು. ಹೇಗೆ, ಯಾವಾಗ, ಎಷ್ಟು ಹೊತ್ತು ಅನ್ನುವುದು ಮಾತ್ರ ಕೇಳಬೇಕಾದ ಪ್ರಶ್ನೆ. ನಮ್ಮಲ್ಲಿ ಬಹಳ ಜನ ಬರೀ ಟೊಂಕದಲ್ಲಿ ಬಗ್ಗುತ್ತಾರೆ, ತೊಡೆಯ ಕೀಲು ಅಲ್ಲಾಡುವುದೇ ಇಲ್ಲ. ಮನೆಯಲ್ಲಿ ಒಬ್ಬನೇ ದುಡಿಯುತ್ತಾ ಉಳಿದವರೆಲ್ಲ ಕೂತು ಉಂಡರೆ ದುಡಿಯುವವನು ಎಷ್ಟು ದಿನ ತಡೆದಾನು? ಹಾಗೆ. ಮೊಣಕಾಲು ಸ್ವಲ್ಪ ಮಡಿಸಿ, ಹಿಂದೆ ಇರುವ ಬಾಗಿಲನ್ನು ಕುಂಡೆಯಿಂದ ದೂಡುವ ಹಾಗೆ ಹಿಂದಕ್ಕೆ ಸರಿದು ಬಗ್ಗಿ ನೋಡಿ, ತೊಡೆಯ ಹಿಂಬದಿ ಎಳೆದ ಹಾಗಾಗುತ್ತದೆ. ಎಳೆತ ಅಲ್ಲಿ ಬಂತು ಅಂದರೆ ಕೀಲು ಕೆಲಸಕ್ಕೆ ಬಂತು ಅಂತ ಅರ್ಥ. ಭಾರದ ಚೀಲಕ್ಕೆ ಇದು ಬೇಕು. ಟವೆಲ್‌ಗೆ ಬೇಕಿಲ್ಲ, ಅದನ್ನು ಹೇಗೆ ಬೇಕಾದರೂ ಬಗ್ಗಿ ಎತ್ತಿ.

ಇನ್ನು ಯಾವಾಗ ಅನ್ನುವುದು. ರಾತ್ರಿ ಮಲಗಿದಾಗ ಡಿಸ್ಕ್‌ಗಳು ನೀರು ಹೀರಿಕೊಂಡು ಉಬ್ಬುತ್ತವೆ. ಬೆಳಿಗ್ಗೆ ಎದ್ದಾಗ ನಾವು ಹಿಂದಿನ ಸಂಜೆಗಿಂತ ಒಂದರಿಂದ ಎರಡು ಸೆಂಟಿಮೀಟರ್ ಎತ್ತರ ಇರುತ್ತೇವೆ, ಬೇಕಾದರೆ ಗೋಡೆಗೆ ಗುರುತು ಮಾಡಿ ನೋಡಿ. ಹಾಗೆ ನೀರು ತುಂಬಿಕೊಂಡ ಡಿಸ್ಕ್ ಇರುವ ಮೊದಲ ಒಂದು ಗಂಟೆ ಪೂರ್ತಿ ಬಗ್ಗಿದರೆ ಬೆನ್ನಿಗೆ ಒತ್ತಡ ಜಾಸ್ತಿ. ನಮ್ಮ ಮನೆಗಳಲ್ಲಿ ಆ ಒಂದು ಗಂಟೆಯಲ್ಲಿ ಹೆಣ್ಣುಮಕ್ಕಳು ಏನು ಮಾಡುತ್ತಾರೆ? ಗಿಡ್ಡ ಕಸಬರಿಗೆ ಹಿಡಿದು ಅಂಗಳ ಗುಡಿಸಿ, ನೀರು ಹಾಕಿ, ರಂಗೋಲಿ ಬಿಟ್ಟು, ಮುಸುರೆ ತಿಕ್ಕುತ್ತಾರೆ. ಎಲ್ಲವೂ ಬಗ್ಗಿಯೇ. ಬೆಳಗಿನ ಬೆನ್ನು ನೋವು ಅಂತ ಬಂದವರಿಗೆ ನಾನು ಹೇಳುವುದು ಇಷ್ಟೇ, ಎದ್ದು ಮೊದಲು ಚಹಾ ಮಾಡಿ, ನಾಲ್ಕು ಹೆಜ್ಜೆ ಓಡಾಡಿ, ಅಂಗಳ ಅರ್ಧ ಮುಕ್ಕಾಲು ಗಂಟೆ ಕಾಯಲಿ. ಕಸಬರಿಗೆಗೆ ಉದ್ದ ಕೋಲು ಕಟ್ಟಿ. ಅತ್ತೆ ಏನಂದಾರು ಅನ್ನುವ ಪ್ರಶ್ನೆಗೆ ನನ್ನ ಹತ್ತಿರ ಔಷಧ ಇಲ್ಲ.

ಹೋದ ಮದುವೆ ಸೀಸನ್ನಿನಲ್ಲಿ ಮನೆಯಲ್ಲೇ ಖಡಕ್ ರೊಟ್ಟಿ ಮಾಡಿ ಮಾರುವ ಹೆಣ್ಣುಮಗಳೊಬ್ಬರು ಬಲ ಮೊಣಕೈ ನೋವು ಅಂತ ಬಂದಿದ್ದರು. ರೊಟ್ಟಿ ಬಡಿದು ಬಡಿದು ಹೀಗಾಗಿದೆ, ಇನ್ನು ಈ ಕೆಲಸ ಬಿಡಬೇಕೇನೋ ಅಂತ ಕಣ್ಣಲ್ಲಿ ನೀರು. ಹೇಳಬೇಡಿ, ಮಾಡಿ ತೋರಿಸಿ ಅಂದೆ. ಜಮಖಾನದ ಮೇಲೆ ಕೂತರು, ಮಣೆ ಇಟ್ಟೆ, ಹಿಟ್ಟಿನ ಬದಲು ಒದ್ದೆ ಬಟ್ಟೆ. ಬಡಿಯುವ ಕೈ ಏನೂ ಕೆಟ್ಟದಾಗಿರಲಿಲ್ಲ. ಭುಜ ಸಡಿಲ, ಅಂಗೈ ಸಡಿಲ, ಮೂವತ್ತು ವರ್ಷದ ಅಭ್ಯಾಸ ಎದ್ದು ಕಾಣುತ್ತಿತ್ತು. ಹಂಚು ಇಳಿಸೋದು ತೋರಿಸಿ ಅಂದಾಗ ಗೊತ್ತಾಯಿತು. ಕಬ್ಬಿಣದ ಹಂಚು, ನೀರಿನ ಪಾತ್ರೆ, ಹಿಟ್ಟಿನ ಡಬ್ಬಿ, ಎಲ್ಲವನ್ನೂ ಅಂಗೈ ಕೆಳಮುಖ ಮಾಡಿ, ಕೈ ಮುಂದೆ ಚಾಚಿ, ಬಲಗೈ ಒಂದರಲ್ಲೇ ಎತ್ತುತ್ತಿದ್ದರು. ಮಣಿಕಟ್ಟನ್ನು ಮೇಲೆತ್ತುವ ಹೆಚ್ಚಿನ ಸ್ನಾಯುಗಳು ಮೊಣಕೈಯ ಹೊರಗಿನ ಒಂದು ಸಣ್ಣ ಎಲುಬಿನ ತುದಿಗೆ ಬಂದು ಅಂಟಿಕೊಂಡಿರುತ್ತವೆ, ಹೀಗೆ ಎತ್ತಿದಾಗ ಭಾರವೆಲ್ಲ ಆ ಒಂದು ತುದಿಗೆ ಬೀಳುತ್ತದೆ. ಟೆನಿಸ್ ಎಲ್ಬೋ ಅಂತ ಹೆಸರು. ಟೆನಿಸ್ ಆಡಿ ಈ ನೋವು ತಂದುಕೊಂಡವರನ್ನು ನಾನಿನ್ನೂ ಕಲಬುರಗಿಯಲ್ಲಿ ನೋಡಬೇಕು.

ಆಮೇಲೆ ಲೆಕ್ಕ ಕೇಳಿದೆ. ದಿನಕ್ಕೆ 150 ರೊಟ್ಟಿ ಮಾಡುತ್ತಿದ್ದವರು ಮದುವೆ ಆರ್ಡರ್ ಅಂತ ಹದಿನೈದು ದಿನದಲ್ಲಿ 300ಕ್ಕೆ ಹೋಗಿದ್ದರು. ಸ್ನಾಯು ಬೇಗ ಹೊಂದಿಕೊಳ್ಳುತ್ತದೆ. ಅದನ್ನು ಎಲುಬಿಗೆ ಕಟ್ಟುವ ನಾರು ಇದೆಯಲ್ಲ, ಅದು ನಿಧಾನ, ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತದೆ. ಕೆಲಸ ಬಿಡಿಸಲಿಲ್ಲ. ಮೂರು ವಾರ 200ಕ್ಕೆ ಇಳಿಸಿದೆವು, ಹಂಚು ಎರಡೂ ಕೈಯಲ್ಲಿ, ಪಾತ್ರೆ ಅಂಗೈ ಮೇಲ್ಮುಖ ಮಾಡಿ ಮೈ ಹತ್ತಿರ ಹಿಡಿದು ಎತ್ತುವುದು. ಜೊತೆಗೆ ಒಂದು ಲೀಟರ್ ನೀರಿನ ಬಾಟಲಿ ಹಿಡಿದು, ಮುಂಗೈ ತೊಡೆ ಮೇಲಿಟ್ಟು, ಎಡಗೈ ಸಹಾಯದಿಂದ ಮೇಲೆತ್ತಿ ನಿಧಾನಕ್ಕೆ ಇಳಿಸುವುದು, ದಿನಕ್ಕೆ ಮೂರು ಸಲ. ಸ್ವಲ್ಪ ನೋವಾದರೆ ಹೆದರಬೇಡಿ, ಮರುದಿನ ಜಾಸ್ತಿ ಆಗದಿದ್ದರೆ ಸಾಕು ಅಂದಿದ್ದೆ. ಮೂರು ತಿಂಗಳು ಹಿಡಿಯಿತು. ಒಂದು ಇಂಜೆಕ್ಷನ್‌ನಲ್ಲಿ ಮುಗಿಸಿ ಅನ್ನುವವರಿಗೆ ಈ ಮೂರು ತಿಂಗಳು ಜೀರ್ಣ ಆಗುವುದಿಲ್ಲ, ನನಗೆ ಗೊತ್ತು.

ಹೀಗೆ ಒಮ್ಮೆಗೇ ಏರಿಸುವುದು ನಮ್ಮ ಭಾಗದ ವರ್ಷದ ಲಯದಲ್ಲೇ ಇದೆ. ಏಪ್ರಿಲ್, ಮೇನಲ್ಲಿ 42-43 ಡಿಗ್ರಿ ಬಿಸಿಲು, ಮನೆ ಬಿಟ್ಟು ಹೊರಗೆ ಕಾಲಿಡುವವರಿಲ್ಲ. ಜೂನ್‌ನಲ್ಲಿ ಮಳೆ ಬಿದ್ದ ಮರುದಿನದಿಂದ ಬೆಳಗಿನಿಂದ ಕತ್ತಲಾಗುವವರೆಗೆ ಹೊಲ. ಇಲ್ಲ ಅಂದರೆ ಯುಗಾದಿ ಮುಂಚಿನ ಶ್ರೀಶೈಲ ಪಾದಯಾತ್ರೆ ನೋಡಿ. ಹನ್ನೊಂದು ತಿಂಗಳು ಚಹಾ ಕುಡಿಯಲೂ ಬೈಕ್ ಹತ್ತುವವರು ಮಲ್ಲಯ್ಯನ ಹೆಸರು ಹೇಳಿ ನೂರಾರು ಕಿಲೋಮೀಟರ್ ನಡೆಯುತ್ತಾರೆ, ಕೆಲವರು ಬರಿಗಾಲಲ್ಲಿ. ವಾಪಸ್ ಬಂದಮೇಲೆ ಹಿಮ್ಮಡಿ, ಮುಂಗಾಲೆಲುಬು, ಪಾದ ಹಿಡಿದುಕೊಂಡು ನನ್ನ ಬಾಗಿಲಿಗೆ ಬರುತ್ತಾರೆ. ಅದೇ ಗುಂಪಿನಲ್ಲಿ ನಡೆದ, ದಿನಾ ಹೊಲಕ್ಕೆ ನಡೆದೇ ಹೋಗುವ ಅರವತ್ತು ದಾಟಿದ ಅಜ್ಜಿಗೆ ಏನೂ ಆಗಿರುವುದಿಲ್ಲ. ಭಕ್ತಿ ಇಬ್ಬರದೂ ಒಂದೇ. ಎರಡು ತಿಂಗಳು ಮುಂಚೆ ಶುರು ಮಾಡಿ, ಮೊದಲ ವಾರ ದಿನಕ್ಕೆ ಎರಡು ಕಿಲೋಮೀಟರ್, ಆಮೇಲೆ ವಾರ ವಾರ ಸ್ವಲ್ಪ ಸ್ವಲ್ಪ ಏರಿಸಿ.

ನಡೆಯುವುದಕ್ಕೆ ಬೆಲೆ ಇಲ್ಲ ಅಂತ ಜನ ತಿಳಿದುಕೊಂಡಿದ್ದಾರೆ, ಪುಕ್ಕಟೆ ಅಲ್ವಾ, ಅದಕ್ಕೆ. ಆಸ್ಟ್ರೇಲಿಯಾದಲ್ಲಿ ಬೆನ್ನು ನೋವು ಬಂದು ವಾಸಿಯಾಗಿದ್ದ 701 ಜನರ ಮೇಲೆ ನಡೆಸಿದ ಪ್ರಯೋಗ 2024ರಲ್ಲಿ ಪ್ರಕಟವಾಯಿತು. ಹಂತ ಹಂತವಾಗಿ ನಡಿಗೆ ಹೆಚ್ಚಿಸಿ, ಬೆನ್ನಿನ ಬಗ್ಗೆ ತಿಳಿವಳಿಕೆ ಕೊಟ್ಟವರಿಗೆ ನೋವು ಮರಳಿ ಬರಲು ಸುಮಾರು 208 ದಿನ ಹಿಡಿಯಿತು, ಏನೂ ಮಾಡದವರಿಗೆ 112 ದಿನ. ನೋವು ಬಂದಾಗ ಹಾಸಿಗೆ ಹಿಡಿಯುವುದರಿಂದ ಲಾಭ ಇಲ್ಲ ಅನ್ನುವುದಂತೂ 1995ರಲ್ಲೇ ಫಿನ್ಲೆಂಡಿನಲ್ಲಿ ಗೊತ್ತಾಗಿತ್ತು. ಎರಡು ದಿನ ಮಲಗಿದವರಿಗಿಂತ, ತಡೆಯುವಷ್ಟು ದಿನದ ಕೆಲಸ ಮಾಡಿಕೊಂಡಿದ್ದವರೇ ಬೇಗ ಸುಧಾರಿಸಿದರು. ಹಲಗೆ ಮೇಲೆ ಮಲಗಿ ಅನ್ನುವ ಸಲಹೆ ನಮ್ಮಲ್ಲಿ ಇನ್ನೂ ಓಡಾಡುತ್ತಿದೆ. ತುಂಬ ಗಟ್ಟಿ ಗಾದಿಗಿಂತ ಮಧ್ಯಮ ಗಟ್ಟಿ ಗಾದಿಯೇ ಮೇಲು ಅಂತ 2003ರ ಪ್ರಯೋಗವೊಂದು ತೋರಿಸಿದೆ.

ಕೂರುವ ಬಗ್ಗೆ ಒಂದು ಮಾತು. ನೆಟ್ಟಗೆ ಕೂತುಕೋ ಅಂತ ಮಕ್ಕಳ ಬೆನ್ನಿಗೆ ಗುದ್ದಬೇಡಿ. ಎಷ್ಟು ನೆಟ್ಟಗೆ ಕೂತರೂ ಎರಡು ತಾಸು ಕೂತರೆ ಬೆನ್ನು ಬೈಯುತ್ತದೆ. ಬಸ್ಸು, ಟಂಟಂ, ಟ್ರ್ಯಾಕ್ಟರ್ ಓಡಿಸುವವರಿಗೆ ಕೂರುವುದರ ಜೊತೆ ಅಲುಗಾಟವೂ ಸೇರುತ್ತದೆ, ನಮ್ಮ ರಸ್ತೆಗಳ ಬಗ್ಗೆ ನಾನು ಹೇಳಬೇಕಾ. ಅವರಿಗೆ ನನ್ನ ಮೊದಲ ಸಲಹೆ ಹಿಂದಿನ ಜೇಬಿನ ಪರ್ಸ್ ತೆಗೆಯಿರಿ, ಎರಡನೆಯದು ಗಾಡಿ ನಿಂತಾಗ ಇಳಿದು ಒಂದು ಸುತ್ತು ಹಾಕಿ, ಇಳಿದ ತಕ್ಷಣ ಭಾರ ಎತ್ತಬೇಡಿ.

ಚಲನೆಗೆ ಸಂಬಂಧವೇ ಇಲ್ಲ ಅನ್ನಿಸುವ ಕೆಲವು ಪ್ರಶ್ನೆ ಕೇಳಿದಾಗ ಜನ ನನ್ನ ಮುಖ ನೋಡುತ್ತಾರೆ. ಶುಗರ್ ಇದೆಯಾ? ಇದ್ದವರಿಗೆ ಭುಜ ಬಿಗಿದುಕೊಳ್ಳುವುದು ಬೇರೆಯವರಿಗಿಂತ ಜಾಸ್ತಿ. ಕುಬಸದ ಹಿಂದಿನ ಗುಂಡಿ ಹಾಕಲು ಕೈ ಹೋಗುತ್ತಿಲ್ಲ ಅಂತ ಬಂದವರ ರಕ್ತ ಪರೀಕ್ಷೆ ಮಾಡಿಸಿದರೆ ಅಲ್ಲೇ ಮೊದಲ ಬಾರಿ ಶುಗರ್ ಗೊತ್ತಾಗಿದ್ದೂ ಇದೆ. ಬೀಡಿ, ಸಿಗರೇಟ್ ಇದೆಯಾ? ಎಲುಬು, ನಾರು ಎರಡೂ ನಿಧಾನ ಕೂಡುತ್ತವೆ. ಎಷ್ಟು ಗಂಟೆ ಮಲಗುತ್ತೀರಿ? ನಿದ್ದೆಗೆಟ್ಟ ಮೈಗೆ ಅದೇ ಪೆಟ್ಟು ಜಾಸ್ತಿ ಅನ್ನಿಸುತ್ತದೆ. ಕುಡಿಯುವ ನೀರು ಯಾವುದು? ಯಾದಗಿರಿ, ಕಲಬುರಗಿ ಜಿಲ್ಲೆಗಳ ಕೆಲವು ಹಳ್ಳಿಗಳ ಬೋರ್ ನೀರಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿ ದಾಟಿದೆ, ವರ್ಷಗಟ್ಟಲೆ ಕುಡಿದರೆ ಬೆನ್ನು, ಕೀಲು ಸೆಟೆದುಕೊಳ್ಳುತ್ತವೆ. ಅಂಥವರಿಗೆ ನಾನು ಎಷ್ಟು ವ್ಯಾಯಾಮ ಹೇಳಿದರೂ ಮೊದಲು ನೀರು ಬದಲಾಗಬೇಕು.

ಸ್ಕ್ಯಾನ್ ಮಾತು ಬಾಕಿ ಇತ್ತು. ಬೆನ್ನು ನೋವಿನ ಜೊತೆ ಮೂತ್ರ, ಮಲದ ಹಿಡಿತ ತಪ್ಪಿದರೆ, ತೊಡೆ ಸಂದಿಯ ಸುತ್ತ ಮರಗಟ್ಟಿದರೆ, ಪಾದ ಎತ್ತಲು ಬಾರದಿದ್ದರೆ ಆವತ್ತೇ ಆಸ್ಪತ್ರೆಗೆ ಹೋಗಿ, ನಾಳೆ ಅನ್ನಬೇಡಿ. ಸಂಜೆ ಜ್ವರ, ತೂಕ ಇಳಿಯುವುದು, ಮಲಗಿದರೂ ಬಿಡದ ರಾತ್ರಿ ನೋವು ಇದ್ದರೂ ತಡ ಮಾಡಬೇಡಿ. ಬೆನ್ನೆಲುಬಿಗೆ ಟಿಬಿ ಬರುವುದು ನಮ್ಮ ದೇಶದಲ್ಲಿ ಅಪರೂಪವೇನಲ್ಲ.

ಆ ಚಿಂಚೋಳಿ ರೈತರಿಗೆ ಮತ್ತೆ ಬಗ್ಗಲು ಕಲಿಸಬೇಕಾಯಿತು. ಮೊದಲು ಕುರ್ಚಿ ಮೇಲಿನ ತಂಬಿಗೆ ಎತ್ತುವುದು, ಆಮೇಲೆ ಮಣೆ ಮೇಲಿನದು, ಆರನೇ ವಾರಕ್ಕೆ ನೆಲದ ಮೇಲಿನದು. ಕೊನೆಯ ದಿನ ಬಾಗಿಲಲ್ಲಿ ನಿಂತು, ನನ್ನ ಕಡೆ ಒಮ್ಮೆ ನೋಡಿ, ಬಗ್ಗಿ ತಮ್ಮ ಚಪ್ಪಲಿ ತಾವೇ ಹಾಕಿಕೊಂಡರು. ಹೆಂಡತಿ ಸುಮ್ನೆ ನೋಡುತ್ತಾ ನಿಂತಿದ್ದರು. “ಚೊಲೋ ಆಯ್ತು, ನಾಳಿಂದ ಅಂಗಳದ ಕಸಾನೂ ನೀವೇ ಹೊಡೀರಿ” ಅಂದು ಮೆಟ್ಟಿಲಿಳಿದರು.