ಬ್ಯಾಕ್ ಒತ್ತಿದರೆ ಎಲ್ಲಿಗೆ? ರಿಯಾಕ್ಟ್ ನೇಟಿವ್ ಸ್ಕ್ರೀನ್ ನ್ಯಾವಿಗೇಶನ್ ನಡೆದುಬಂದ ದಾರಿ

ದಿನಸಿ ತರಿಸಿಕೊಳ್ಳುವ ಒಂದು ಆಪ್ ಇದೆ ಎಂದಿಟ್ಟುಕೊಳ್ಳಿ. ಐಫೋನ್, ಆಂಡ್ರಾಯ್ಡ್ ಎರಡಕ್ಕೂ ಜಾವಾಸ್ಕ್ರಿಪ್ಟ್ ಕೋಡಿನಿಂದ ಆಪ್ ಕಟ್ಟುವ ರಿಯಾಕ್ಟ್ ನೇಟಿವ್‌ನಲ್ಲಿ ಅದನ್ನು ಬರೆದಿದ್ದಾರೆ. ಹೋಮ್, ಕಾರ್ಟ್, ವಿಳಾಸ, ಪಾವತಿ ಎಂಬ 4 ಸ್ಕ್ರೀನುಗಳು ಸ್ಟ್ಯಾಕ್‌ನಲ್ಲಿ ಒಂದರ ಮೇಲೊಂದು ಕೂತಿವೆ. ಪಾವತಿ ಸ್ಕ್ರೀನಿನಲ್ಲಿ ‘ಕಾರ್ಟ್ ಬದಲಿಸಿ’ ಎಂಬ ಬಟನ್ ಇದೆ, ಅದು ‘ನ್ಯಾವಿಗೇಟ್’ ಎಂಬ ಆಜ್ಞೆ ಕರೆದು ಕಾರ್ಟ್‌ಗೆ ಹೋಗುತ್ತದೆ. ಸ್ಕ್ರೀನ್ ಬದಲಿಸುವ ಕೆಲಸಕ್ಕಿರುವ ಲೈಬ್ರರಿ, ರಿಯಾಕ್ಟ್ ನ್ಯಾವಿಗೇಶನ್. ಅದರ 6ನೇ ಆವೃತ್ತಿಯಲ್ಲಿ ಈ ಬಟನ್ ಒತ್ತಿದರೆ ಪಾವತಿ, ವಿಳಾಸ ಎರಡೂ ಕಳಚಿಕೊಂಡು ಕೆಳಗಿದ್ದ ಕಾರ್ಟ್ ಮೇಲೆ ಬರುತ್ತಿತ್ತು. 2024ರ ನವೆಂಬರಿನಲ್ಲಿ ಬಂದ 7ನೇ ಆವೃತ್ತಿಗೆ ಏರಿಸಿದರೆ, ಆ ಸಾಲನ್ನು ಮುಟ್ಟದಿದ್ದರೂ ಅದೇ ಬಟನ್ ಪಾವತಿಯ ಮೇಲೆ ಇನ್ನೊಂದು ಹೊಸ ಕಾರ್ಟ್ ತಂದು ಕೂರಿಸುತ್ತದೆ. ಈಗ ಸ್ಟ್ಯಾಕ್‌ನಲ್ಲಿ 5 ಸ್ಕ್ರೀನ್, ಅದರಲ್ಲಿ 2 ಕಾರ್ಟ್. ಬ್ಯಾಕ್ ಒತ್ತಿದ ಗ್ರಾಹಕರು ಹೋಮ್ ಬದಲು ಮತ್ತೆ ಪಾವತಿಗೇ ಬಂದು ಬೀಳುತ್ತಾರೆ. ಆ ಸ್ಕ್ರೀನ್ ಹಳೇ ಮೊತ್ತವನ್ನೇ ತೋರಿಸುತ್ತಿದ್ದರೂ ಆಶ್ಚರ್ಯವಿಲ್ಲ.

ಸರಿಪಡಿಸುವುದು ಸುಲಭ: ಆ ಜಾಗದಲ್ಲಿ ‘ನ್ಯಾವಿಗೇಟ್’ ಬದಲು ‘ಪಾಪ್‌ಟು’ ಬರೆದರೆ ಹಳೇ ನಡವಳಿಕೆ ವಾಪಸ್ ಬರುತ್ತದೆ. ಬದಲಾವಣೆಗೂ ತಕ್ಕ ಕಾರಣವಿತ್ತು. ಒಂದೇ ಆಜ್ಞೆ ಕೆಲವೊಮ್ಮೆ ಮುಂದಕ್ಕೆ, ಕೆಲವೊಮ್ಮೆ ಹಿಂದಕ್ಕೆ ಒಯ್ಯುತ್ತಿದ್ದರೆ ಕೋಡ್ ಓದಿದವರಿಗೆ ದಿಕ್ಕು ಗೊತ್ತಾಗುವುದಿಲ್ಲ. ಆದರೆ ಈ ಗೊಂದಲದ ಬೇರು 7ನೇ ಆವೃತ್ತಿಗಿಂತ ಬಹಳ ಹಿಂದಿನದು. ಯಾವ ಸ್ಕ್ರೀನಿನ ಕೆಳಗೆ ಯಾವುದಿದೆ ಎಂಬ ಲೆಕ್ಕ ಬರೆದಿಡುವವರು ಯಾರು, ನಮ್ಮ ಜಾವಾಸ್ಕ್ರಿಪ್ಟ್ ಕೋಡೋ ಫೋನಿನ ಆಪರೇಟಿಂಗ್ ಸಿಸ್ಟಮೋ ಎಂಬ ಪ್ರಶ್ನೆ ಮೊದಲಿನಿಂದಲೂ ಇದೆ. ಎರಡೂ ಕಡೆ ಲೆಕ್ಕ ಇದ್ದು, ಅವು ತಾಳೆಯಾಗದ ಜಾಗದಲ್ಲೇ ನ್ಯಾವಿಗೇಶನ್ ದೋಷಗಳು ಹೆಚ್ಚು ಹುಟ್ಟುತ್ತವೆ.

2008ರಲ್ಲಿ ಐಫೋನಿಗೆ ಆಪ್ ಬರೆಯುವ ಸಲಕರಣೆಗಳು ಬಂದಾಗ ಅವುಗಳ ಜೊತೆ ಸ್ಕ್ರೀನುಗಳ ಸ್ಟ್ಯಾಕನ್ನು ನೋಡಿಕೊಳ್ಳುವ ‘ಯುಐ ನ್ಯಾವಿಗೇಶನ್ ಕಂಟ್ರೋಲರ್’ ಇತ್ತು. ಬ್ಯಾಕ್ ಎಂಬುದು ಆಪ್‌ನ ಒಳಗಿನ ಸಂಗತಿ, ಮೇಲೆ ಎಡಮೂಲೆಯಲ್ಲಿ ಆಪ್ ತಾನೇ ತೋರಿಸುವ ಬಟನ್. ಅದೇ ವರ್ಷ ಬಂದ ಮೊದಲ ಆಂಡ್ರಾಯ್ಡ್ ಫೋನಿನಲ್ಲಿ ಬ್ಯಾಕ್‌ಗೆಂದೇ ಒಂದು ಕೀಲಿ ಇತ್ತು. ಅದು ಫೋನಿನ ಸೊತ್ತು, ಒಂದು ಆಪ್‌ನಿಂದ ಇನ್ನೊಂದಕ್ಕೂ ಕರೆದೊಯ್ಯುತ್ತಿತ್ತು. 2013ರ ಐಒಎಸ್ 7 ಅಂಚಿನಿಂದ ಬೆರಳು ಜಾರಿಸಿ ಹಿಂದೆ ಹೋಗುವುದನ್ನು ತಂದಿತು. 2019ರ ಆಂಡ್ರಾಯ್ಡ್ 10 ಕೂಡ ಬೆರಳಿನ ಸನ್ನೆಗೆ ಬಂತು. ಎರಡರಲ್ಲೂ ಬೆರಳು ಒಂದೇ ರೀತಿ ಜಾರುತ್ತದೆ, ಒಳಗಿನ ಒಪ್ಪಂದ ಮಾತ್ರ ಇಂದಿಗೂ ಬೇರೆ ಬೇರೆ.

ಈ ಎರಡಕ್ಕೂ ಒಂದೇ ಕೋಡ್ ಬರೆಯುವ ಭರವಸೆಯೊಂದಿಗೆ ರಿಯಾಕ್ಟ್ ನೇಟಿವ್ 2015ರ ಮಾರ್ಚಿನಲ್ಲಿ ಮುಕ್ತವಾಯಿತು. ಮೊದಲು ಐಒಎಸ್‌ಗೆ, ಸೆಪ್ಟೆಂಬರಿನಲ್ಲಿ ಆಂಡ್ರಾಯ್ಡ್‌ಗೆ. ಆಗಲೇ ಎರಡು ದಾರಿ. ‘ನ್ಯಾವಿಗೇಟರ್ ಐಒಎಸ್’ ಆಪಲ್‌ನ ಕಂಟ್ರೋಲರನ್ನೇ ಬಳಸುತ್ತಿತ್ತು, ಆಂಡ್ರಾಯ್ಡ್‌ನಲ್ಲಿ ಇರಲಿಲ್ಲ. ‘ನ್ಯಾವಿಗೇಟರ್’ ಎರಡೂ ಕಡೆ ಓಡುತ್ತಿತ್ತು, ಆದರೆ ಸ್ಟ್ಯಾಕ್, ಅನಿಮೇಶನ್ ಎಲ್ಲ ಜಾವಾಸ್ಕ್ರಿಪ್ಟ್‌ನಲ್ಲೇ. ಸೆಕೆಂಡಿಗೆ 60 ಫ್ರೇಮ್ ಬೇಕೆಂದರೆ ಒಂದು ಫ್ರೇಮಿಗೆ ಸಿಗುವುದು ಸುಮಾರು 16.6 ಮಿಲಿಸೆಕೆಂಡು. ಹೊಸ ಸ್ಕ್ರೀನ್ ಜಾರಿ ಬರುವ ಅದೇ ಗಳಿಗೆಯಲ್ಲಿ ಅದರ ಪಟ್ಟಿಯನ್ನೂ ಜಾವಾಸ್ಕ್ರಿಪ್ಟ್ ಕಟ್ಟಬೇಕಾಗಿದ್ದರಿಂದ ಅನಿಮೇಶನ್ ತಡವರಿಸುತ್ತಿತ್ತು. 2016ರ ‘ನ್ಯಾವಿಗೇಶನ್ ಎಕ್ಸ್‌ಪೆರಿಮೆಂಟಲ್’ ಲೆಕ್ಕವನ್ನು ಚೊಕ್ಕ ಮಾಡಲು ಹೊರಟು ಬಳಸುವವರಿಗೆ ಕಷ್ಟವಾಯಿತು. 2017ರ ಜನವರಿಯಲ್ಲಿ ರಿಯಾಕ್ಟ್ ನ್ಯಾವಿಗೇಶನ್ ಬಂತು. ಅದೇ ವರ್ಷ ರಿಯಾಕ್ಟ್ ನೇಟಿವ್ 0.44 ಹಳೇ ನ್ಯಾವಿಗೇಟರನ್ನು ಮೂಲ ಪ್ಯಾಕೇಜಿನಿಂದ ಹೊರಗಿಟ್ಟಿತು. ಇನ್ನೊಂದು ಕಡೆ ವಿಕ್ಸ್ ಕಂಪನಿಯ ಲೈಬ್ರರಿ ಲೆಕ್ಕವನ್ನು ಪೂರ್ತಿಯಾಗಿ ನೇಟಿವ್ ಕಡೆಗೇ, ಅಂದರೆ ಫೋನಿನ ಆಪರೇಟಿಂಗ್ ಸಿಸ್ಟಮ್ ಕಡೆಗೇ ಒಪ್ಪಿಸಿತ್ತು.

2020ರ ಫೆಬ್ರುವರಿಯಲ್ಲಿ ಬಂದ ರಿಯಾಕ್ಟ್ ನ್ಯಾವಿಗೇಶನ್‌ನ 5ನೇ ಆವೃತ್ತಿ ಸ್ಕ್ರೀನುಗಳನ್ನೂ ಆಪ್‌ನ ಉಳಿದ ಭಾಗಗಳಂತೆ ಕಾಂಪೊನೆಂಟುಗಳಾಗಿ ಬರೆಯುವ ಕ್ರಮ ತಂದಿತು. ಇದರ ದೊಡ್ಡ ಲಾಭ ಲಾಗಿನ್‌ನಲ್ಲಿ. ಲಾಗಿನ್ ಆದ ಮೇಲೆ ಹೋಮ್‌ಗೆ ‘ನ್ಯಾವಿಗೇಟ್’ ಮಾಡಿದರೆ ಬ್ಯಾಕ್ ಒತ್ತಿದೊಡನೆ ಲಾಗಿನ್ ಮತ್ತೆ ಕಾಣುತ್ತದೆ. ಹಾಗೆ ಮಾಡಬೇಡಿ. ಲಾಗಿನ್ ಆಗಿರುವುದಕ್ಕೆ ಗುರುತಾದ ಟೋಕನ್ ಇದ್ದರೆ ಹೋಮ್, ಕಾರ್ಟ್, ವಿಳಾಸ, ಪಾವತಿ ಸ್ಕ್ರೀನುಗಳನ್ನು ಮಾತ್ರ, ಇಲ್ಲದಿದ್ದರೆ ಲಾಗಿನ್ ಒಂದನ್ನೇ ಸ್ಟ್ಯಾಕ್‌ನಲ್ಲಿ ಬರೆಯಿರಿ. ಟೋಕನ್ ಬಂದ ಕ್ಷಣ ಲಾಗಿನ್ ಸ್ಕ್ರೀನ್ ಇಲ್ಲವೇ ಆಗುತ್ತದೆ, ಹಿಂದೆ ಹೋಗಲು ಜಾಗವೇ ಇರುವುದಿಲ್ಲ.

ಆಮೇಲಿನ ಮುಖ್ಯ ತಿರುವು ‘ರಿಯಾಕ್ಟ್ ನೇಟಿವ್ ಸ್ಕ್ರೀನ್ಸ್’ ಮತ್ತು ಅದರ ಮೇಲೆ ನಿಂತ ‘ನೇಟಿವ್ ಸ್ಟ್ಯಾಕ್’. ಐಒಎಸ್‌ನಲ್ಲಿ ಅದೇ ಆಪಲ್ ಕಂಟ್ರೋಲರ್, ಆಂಡ್ರಾಯ್ಡ್‌ನಲ್ಲಿ ಫ್ರಾಗ್ಮೆಂಟ್ (ಸ್ಕ್ರೀನಿನ ಭಾಗಗಳಿಗೆ ಆಂಡ್ರಾಯ್ಡ್‌ನದೇ ಘಟಕ). ಅನಿಮೇಶನ್ ನಯವಾಯಿತು. ಆದರೆ ಲೆಕ್ಕ ಈಗ ನಿಜಕ್ಕೂ ಎರಡು ಕಡೆ ಬಂತು, ಅದರೊಂದಿಗೆ ಹೊಸ ತರದ ದೋಷಗಳೂ ಬಂದವು.

ಮೊದಲನೆಯದು ಕ್ರ್ಯಾಶ್. ಆಪ್ ಹಿಂಬದಿಯಲ್ಲಿದ್ದಾಗ ಮೆಮೊರಿ ಸಾಲದೆ ಆಂಡ್ರಾಯ್ಡ್ ಅದನ್ನು ಮುಚ್ಚುತ್ತದೆ. ಮತ್ತೆ ತೆರೆದಾಗ ತಾನು ಉಳಿಸಿಕೊಂಡ ಫ್ರಾಗ್ಮೆಂಟುಗಳನ್ನು ಮೊದಲಿನಂತೆ ಜೋಡಿಸಲು ನೋಡುತ್ತದೆ. ಜಾವಾಸ್ಕ್ರಿಪ್ಟ್ ಆಗಿನ್ನೂ ಎದ್ದಿರುವುದಿಲ್ಲ, ಅದಕ್ಕೆ ಆ ಫ್ರಾಗ್ಮೆಂಟುಗಳ ಪರಿಚಯವೇ ಇಲ್ಲ, ಆಪ್ ಬೀಳುತ್ತದೆ. ಅದಕ್ಕೇ ಆಪ್ ಶುರುವಾಗುವ ‘ಮೇನ್ ಆಕ್ಟಿವಿಟಿ’ ಫೈಲಿನ ‘ಆನ್‌ಕ್ರಿಯೇಟ್’ ಒಳಗೆ ಮೂಲ ಕರೆಗೆ ಉಳಿಸಿದ ಸ್ಥಿತಿಯ ಬದಲು ‘ನಲ್’ (ಏನೂ ಇಲ್ಲ) ಕೊಡಿ ಎಂದು ಅನುಸ್ಥಾಪನೆಯ ಹಂತಗಳಲ್ಲಿ ಬಹುಕಾಲ ಹೇಳುತ್ತಿದ್ದುದು. ಆ ಒಂದು ಸಾಲು ಬಿಟ್ಟುಹೋದರೆ ಡೆವಲಪರ್ ಕೈಲಿರುವ 12 ಜಿಬಿ ಫೋನಿನಲ್ಲಿ ಏನೂ ಕಾಣದೆ, 3 ಜಿಬಿ ಫೋನಿಟ್ಟುಕೊಂಡವರಿಗೆ ಪೆಟ್ಟು ಬೀಳುತ್ತದೆ. ಪರೀಕ್ಷಿಸಲು ಡೆವಲಪರ್ ಆಯ್ಕೆಗಳಲ್ಲಿ ‘ಆಕ್ಟಿವಿಟಿಗಳನ್ನು ಉಳಿಸಬೇಡ’ ಎಂಬುದನ್ನು ಆನ್ ಮಾಡಿ, ಮೂರು ಸ್ಕ್ರೀನ್ ಒಳಗೆ ಹೋಗಿ, ಬೇರೆ ಆಪ್ ತೆರೆದು ವಾಪಸ್ ಬನ್ನಿ.

‘ನಲ್’ ಕೊಟ್ಟರೆ ಕ್ರ್ಯಾಶ್ ನಿಲ್ಲುತ್ತದೆ. ಆದರೆ ಫೋನ್ ಆಪನ್ನು ಮುಚ್ಚಿದ್ದರೆ ಸ್ಟ್ಯಾಕ್ ಹೋಮ್‌ನಿಂದಲೇ ಶುರು. ನಮ್ಮಲ್ಲಿ ಇದರ ಬಿಸಿ ತಟ್ಟುವುದು ಯುಪಿಐ ಪಾವತಿಯಲ್ಲಿ. ಗ್ರಾಹಕರು ‘ಪಾವತಿಸಿ’ ಒತ್ತುತ್ತಾರೆ, ಯುಪಿಐ ಆಪ್ ತೆರೆಯುತ್ತದೆ, ಪಿನ್ ಹಾಕುತ್ತಾರೆ. ಅಷ್ಟರಲ್ಲಿ ನಮ್ಮ ಆಪನ್ನು ಫೋನ್ ಮುಚ್ಚಿರುತ್ತದೆ. ವಾಪಸ್ ಬಂದರೆ ಕಾಣುವುದು ಹೋಮ್. ಹಣ ಹೋಯಿತು, ಆರ್ಡರ್ ಇಲ್ಲ ಎಂದು ಗಾಬರಿಯಾಗಿ ಎರಡನೇ ಸಲ ಪಾವತಿಸುವವರೂ ಇರುತ್ತಾರೆ. ಇದಕ್ಕೆ ನ್ಯಾವಿಗೇಶನ್ ಲೈಬ್ರರಿಯನ್ನೊಂದನ್ನೇ ನಂಬಬಾರದು. ಯುಪಿಐ ಆಪ್ ತೆರೆಯುವ ಮೊದಲೇ ಆರ್ಡರ್ ಸಂಖ್ಯೆಯನ್ನು ಫೋನಿನಲ್ಲಿ ಬರೆದಿಡಿ. ಆಪ್ ಎದ್ದಾಗ ಅಂಥ ಸಂಖ್ಯೆ ಉಳಿದಿದ್ದರೆ ಸರ್ವರನ್ನು ಕೇಳಿ ನೇರ ಆರ್ಡರ್ ಸ್ಥಿತಿಯ ಸ್ಕ್ರೀನಿಗೇ ಒಯ್ಯಿರಿ. ಇಡೀ ಸ್ಟ್ಯಾಕನ್ನು ಉಳಿಸುವ ಸೌಲಭ್ಯವೂ ಇದೆ: ‘ಆನ್ ಸ್ಟೇಟ್ ಚೇಂಜ್’ನಲ್ಲಿ ಬರೆದಿಟ್ಟು, ‘ಇನಿಶಿಯಲ್ ಸ್ಟೇಟ್’ಗೆ ಮರಳಿ ಕೊಡುವುದು. ಸ್ಕ್ರೀನಿನಿಂದ ಸ್ಕ್ರೀನಿಗೆ ಫಂಕ್ಷನ್ ಕಳಿಸಿದ್ದರೆ ಅದು ಉಳಿಯುವುದಿಲ್ಲ, ಇಡೀ ಉತ್ಪನ್ನದ ವಿವರ ಕಳಿಸಿದ್ದರೆ ಹಳೇ ಬೆಲೆ ಮೇಲೆದ್ದು ಬರುತ್ತದೆ. ಐಡಿ ಒಂದನ್ನೇ ಕಳಿಸುವುದು ಒಳ್ಳೆಯದು.

ಇನ್ನೊಂದು ತಪ್ಪು ಬಹಳ ಸಾಮಾನ್ಯ. ಮೇಲೆ ಹೊಸ ಸ್ಕ್ರೀನ್ ಬಂದರೂ ಕೆಳಗಿನದು ಸಾಯುವುದಿಲ್ಲ, ಜೀವಂತವಾಗಿಯೇ ಇರುತ್ತದೆ. ಸ್ಕ್ರೀನ್ ಹುಟ್ಟಿದಾಗ ಓಡುವ ‘ಯೂಸ್ ಎಫೆಕ್ಟ್’ನಲ್ಲಿ, ಹೋಮ್‌ನ ಕೋಡಿನಲ್ಲಿ, ‘ಆಪ್‌ನಿಂದ ಹೊರಹೋಗಬೇಕೇ?’ ಎಂದು ಕೇಳುವ ‘ಬ್ಯಾಕ್ ಹ್ಯಾಂಡ್ಲರ್’ ಹಾಕಿದರೆ, ಅದೇ ಪ್ರಶ್ನೆ ವಿಳಾಸ ಸ್ಕ್ರೀನಿನಲ್ಲೂ ಬಂದು ನಿಲ್ಲುತ್ತದೆ. ವಿಳಾಸ ತಿದ್ದಿ ಹಿಂದೆ ಬಂದಾಗ ಪಟ್ಟಿ ಹಳೆಯದೇ ಇರುವುದಕ್ಕೂ ಇದೇ ಕಾರಣ. ಎರಡಕ್ಕೂ ಸ್ಕ್ರೀನ್ ಮುಂದೆ ಬಂದಾಗಲೆಲ್ಲ ಓಡುವ ‘ಯೂಸ್ ಫೋಕಸ್ ಎಫೆಕ್ಟ್’ ಬಳಸಬೇಕು.

ಈಚಿನ ಬದಲಾವಣೆ ಅನುಮತಿ ಕೇಳುವ ಕ್ರಮದ್ದು. ಅರ್ಧ ತುಂಬಿದ ಫಾರ್ಮ್‌ನಲ್ಲಿ ಬ್ಯಾಕ್ ತಡೆಯಲು ‘ಬಿಫೋರ್ ರಿಮೂವ್’ ಈವೆಂಟ್ ಸಾಕಿತ್ತು. ಆದರೆ ನೇಟಿವ್ ಸ್ಟ್ಯಾಕ್‌ನಲ್ಲಿ ಐಫೋನಿನ ಅಂಚಿನಿಂದ ಬೆರಳು ಜಾರಿಸಿದರೆ, ಜಾವಾಸ್ಕ್ರಿಪ್ಟ್‌ಗೆ ಸುದ್ದಿ ಮುಟ್ಟುವ ಹೊತ್ತಿಗೆ ಸ್ಕ್ರೀನ್ ಹೋಗಿಯೇ ಬಿಟ್ಟಿರುತ್ತದೆ. ಆದ್ದರಿಂದ ತಡೆಯಬೇಕೋ ಬೇಡವೋ ಎಂಬುದನ್ನು ಮೊದಲೇ ತಿಳಿಸಿಡುವ ‘ಯೂಸ್ ಪ್ರಿವೆಂಟ್ ರಿಮೂವ್’ ಬಂತು. ಆಂಡ್ರಾಯ್ಡ್ 13 ಪರಿಚಯಿಸಿದ ಮುನ್ನೋಟದ ಬ್ಯಾಕ್ ಕೂಡ ಇದನ್ನೇ ಬೇಡುತ್ತದೆ: ಬೆರಳು ಎತ್ತುವ ಮೊದಲೇ ಹಿಂದಿನ ಸ್ಕ್ರೀನ್ ಇಣುಕಬೇಕಾದರೆ ಉತ್ತರ ಮುಂಚೆಯೇ ಗೊತ್ತಿರಬೇಕು. ಆಪ್ ಕಟ್ಟುವ ಇನ್ನೊಂದು ಸಲಕರಣೆ ಫ್ಲಟರ್‌ನಲ್ಲಿ ‘ವಿಲ್‌ಪಾಪ್ ಸ್ಕೋಪ್’ ಹೋಗಿ ‘ಪಾಪ್ ಸ್ಕೋಪ್’ ಬಂದದ್ದೂ ಇದಕ್ಕೇ. ಆಂಡ್ರಾಯ್ಡ್ 16 ಗುರಿಯಾಗಿಟ್ಟು ಕಟ್ಟಿದ ಆಪ್‌ಗಳಲ್ಲಿ ಈ ಮುನ್ನೋಟದ ಬ್ಯಾಕ್ ತಾನಾಗಿಯೇ ಚಾಲೂ ಇರುತ್ತದೆ. ಬ್ಯಾಕ್ ಒತ್ತಿದಾಗ ಓಡುತ್ತಿದ್ದ ಹಳೇ ‘ಆನ್ ಬ್ಯಾಕ್ ಪ್ರೆಸ್ಡ್’ಗೆ ಅಲ್ಲಿ ಕರೆ ಬರುವುದೇ ಇಲ್ಲ.

ಹೊರಗಿನ ಲಿಂಕ್‌ಗಳ ವಿಷಯ ಬೇರೆ. 2015ರಲ್ಲಿ ಐಒಎಸ್ 9 ಮತ್ತು ಆಂಡ್ರಾಯ್ಡ್ 6 ವೆಬ್ ವಿಳಾಸದಿಂದ ನೇರ ಆಪ್ ತೆರೆಯುವ ದಾರಿ ಮಾಡಿದವು. ಆಂಡ್ರಾಯ್ಡ್‌ನಲ್ಲಿ ಈ ವೆಬ್ ವಿಳಾಸ ಯಾವ ಆಪ್‌ನದು ಎಂದು ಹೇಳುವ ‘ಅಸೆಟ್‌ಲಿಂಕ್ಸ್’ ಫೈಲಿಗೆ ನಿಮ್ಮ ಅಪ್‌ಲೋಡ್ ಕೀಲಿಯ (ಸ್ಟೋರಿಗೆ ಕಳಿಸುವಾಗ ನೀವು ಸಹಿ ಮಾಡುವ ಕೀಲಿ) ಬೆರಳಚ್ಚು ಮಾತ್ರ ಹಾಕಿದರೆ ಕಚೇರಿಯಲ್ಲಿ ಎಲ್ಲ ಸರಿ, ಪ್ಲೇ ಸ್ಟೋರಿನಿಂದ ಇಳಿಸಿಕೊಂಡವರಿಗೆ ಲಿಂಕ್ ಬ್ರೌಸರಿನಲ್ಲೇ ತೆರೆಯುತ್ತದೆ. ಸ್ಟೋರ್ ಬೇರೆ ಕೀಲಿಯಿಂದ ಸಹಿ ಮಾಡುವುದರಿಂದ ಪ್ಲೇ ಕನ್ಸೋಲಿನಲ್ಲಿರುವ ಬೆರಳಚ್ಚನ್ನೂ ಸೇರಿಸಬೇಕು.

ಲಿಂಕ್ ತೆರೆದ ಮೇಲೂ ಬ್ಯಾಕ್ ಪ್ರಶ್ನೆ ಬಿಡುವುದಿಲ್ಲ. ಆಪ್ ಆಗಲೇ ಹಿಂಬದಿಯಲ್ಲಿದ್ದರೆ ಆರ್ಡರ್ ಸ್ಕ್ರೀನ್ ಇದ್ದ ಸ್ಟ್ಯಾಕಿನ ಮೇಲೆ ಬರುತ್ತದೆ. ಮುಚ್ಚಿದ್ದರೆ ಆರ್ಡರ್ ಒಂಟಿಯಾಗಿ ನಿಲ್ಲುತ್ತದೆ, ಕೆಳಗೆ ಏನೂ ಇಲ್ಲ. ಆಂಡ್ರಾಯ್ಡ್‌ನಲ್ಲಿ ಬ್ಯಾಕ್ ಒತ್ತಿದರೆ ಆಪ್ ಬಿಟ್ಟು ಹೊರಗೆ, ಐಫೋನಿನಲ್ಲಿ ಹಿಂದಿನ ಬಾಣವೇ ಕಾಣದು. ಲಿಂಕಿಂಗ್ ಸಂರಚನೆಯಲ್ಲಿ ‘ಇನಿಶಿಯಲ್ ರೂಟ್ ನೇಮ್’ ಎಂದು ಹೋಮ್ ಹೆಸರು ಕೊಟ್ಟರೆ ಆರ್ಡರಿನ ಕೆಳಗೆ ಹೋಮ್ ಕೂರುತ್ತದೆ. ನೋಟಿಫಿಕೇಶನ್ ಒತ್ತಿ ಒಮ್ಮೆ, ಆಪನ್ನು ಪೂರ್ತಿ ಮುಚ್ಚಿ ಇನ್ನೊಮ್ಮೆ ಎರಡೂ ಫೋನುಗಳಲ್ಲಿ ನೋಡಿಯೇ ಬಿಡುಗಡೆ ಮಾಡಿ.